ಎರಡನೆಯ ಡಬ್ಬಿ

ಅಳಿಲು ಎಂಬ ಹೆಸರನ್ನು ಅವಳಿಗೆ ಇಟ್ಟವನು ಅಣ್ಣನೇ. ಅಣ್ಣ ತಂಗಿ ಇಬ್ಬರೂ ಸೇರಿ ಕಂಪ್ಯೂಟರ್ ವೈರಿಂಗಿನ ಕೆಲಸ ಹಿಡಿದು ಮಾಡುತ್ತಿದ್ದರು. ಏಣಿ ಹತ್ತಿ, ಸೀಲಿಂಗಿನ ಸಂದಿಯಲ್ಲಿ ಅರ್ಧ ಮೈ ತೂರಿಸಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ವೈರು ಸಾಗಿಸುವವಳು ತಂಗಿ. ಕೆಳಗೆ ಕುಳಿತು ಸ್ವಿಚ್ಚುಗಳಿಗೆ ಬುದ್ಧಿ ಹೇಳುವವನು ಅಣ್ಣ. ಸ್ವಿಚ್ಚು ಅಂದರೆ ದೀಪ ಹಾಕುವ ಸ್ವಿಚ್ಚಲ್ಲ ಮತ್ತೆ. ಮುಂದೆ ಸಾಲಾಗಿ ತೂತುಗಳಿರುವ ಚಪ್ಪಟೆ ಕಬ್ಬಿಣದ ಪೆಟ್ಟಿಗೆ. ಒಂದೊಂದು ತೂತಿಗೆ ಒಂದೊಂದು ಕಂಪ್ಯೂಟರಿನ ವೈರು. ಒಂದು ಪೆಟ್ಟಿಗೆ ಸಾಲದಿದ್ದರೆ ಒಂದರ ಮೇಲೊಂದು ಜೋಡಿಸಿ, ಹಿಂದುಗಡೆ ದಪ್ಪನೆಯ ಗಿಡ್ಡ ಕೇಬಲ್ಲುಗಳಿಂದ ಒಂದಕ್ಕೊಂದು ಹೆಣೆಯುತ್ತಾರೆ. ಅದಕ್ಕೆ ಸ್ಟ್ಯಾಕ್ ಅಂತ ಹೆಸರು. ಆಮೇಲೆ ಅವು ಐದಿದ್ದರೂ ಒಂದೇ ಮನೆ. ಒಂದು ಯಜಮಾನಿಕೆ ಮಾಡುತ್ತದೆ, ಉಳಿದವು ಅದು ಹೇಳಿದ್ದು ಕೇಳುತ್ತವೆ, ಪ್ರತಿಯೊಂದಕ್ಕೂ ಒಂದು ನಂಬರು. ಮನುಷ್ಯರ ಮನೆಗಳಲ್ಲಿ ಇಷ್ಟು ಸಲೀಸಾಗಿ ನಡೆದದ್ದನ್ನು ನಾನಂತೂ ಕಂಡಿಲ್ಲ, ಇರಲಿ.

ಈಗ ಅಣ್ಣ ಮಂಚದ ಮೇಲಿದ್ದ. ಬೇಸಿಗೆಯ ಕೊನೆಯಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಚ್ಚಲಲ್ಲೇ ಕುಸಿದುಬಿಟ್ಟಿದ್ದ. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು; ಒಂದೇ ಒಂದು ಮಾತು ಉಳಿಯಿತು, ‘ಆಯ್ತು’. ನೀರು ಬೇಕೆಂದರೂ ಆಯ್ತು, ಬೇಡವೆಂದರೂ ಆಯ್ತು. ಸಿಟ್ಟು ಬಂದರೆ ಅದೇ ಆಯ್ತು ಜೋರಾಗಿ ಬರುತ್ತಿತ್ತು. ಅದರ ಜೊತೆಗೆ ಇನ್ನೂ ಏನೇನೋ ಅಪಸವ್ಯ. ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಲು ನೋಡುವುದು, ಪೇಪರನ್ನು ತಲೆಕೆಳಗಾಗಿ ಹಿಡಿದು ಗಂಟೆಗಟ್ಟಲೆ ದಿಟ್ಟಿಸುವುದು. ಮೆದುಳಿನ ಡಾಕ್ಟರು ತಲೆ ಆಡಿಸಿ, ಅರಿವು ಎಷ್ಟು ಉಳಿದಿದೆಯೋ ಈಗಲೇ ಹೇಳೋಕಾಗಲ್ಲ, ಮನೆಯವರೇ ನೋಡ್ತಾ ಇರಿ ಅಂದಿದ್ದರು. ನೋಡ್ತಾ ಇರಿ ಅಂದರೆ ಏನು ನೋಡಬೇಕು, ಹೇಗೆ ನೋಡಬೇಕು? ಅದನ್ನು ಯಾರೂ ಹೇಳಲಿಲ್ಲ.

ಅತ್ತಿಗೆ ನೋಡಿ ನೋಡಿ ಸೋತಿದ್ದಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹಗಲೆಲ್ಲ ಮಿಷನ್ನು, ರಾತ್ರಿಯೆಲ್ಲ ಗಂಡನ ಚಾಕರಿ. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಮದುವೆಯಾದಾಗಿನಿಂದ ಗಂಡನನ್ನು ‘ರೀ’ ಎಂದೇ ಕರೆದು, ನೀವು ತಾವು ಎನ್ನುತ್ತಿದ್ದವಳು ಈಗ ಯಾವಾಗಲೋ ಗೊತ್ತಿಲ್ಲದ ಹಾಗೆ ‘ಬಾಯಿ ತೆಗಿ, ಹಾಂ, ನುಂಗು, ಜಾಣ’ ಎನ್ನಲು ಶುರುಮಾಡಿದ್ದಳು. ಕೇಳಿದಾಗಲೆಲ್ಲ ಅಳಿಲಿಗೆ ಮೈ ಉರಿಯುತ್ತಿತ್ತು. ಆದರೆ ಚಾಕರಿ ಮಾಡುವವಳು ಅತ್ತಿಗೆ. ಇವಳು ಬೆಳಿಗ್ಗೆ ಹೋಗಿ ಸಂಜೆ ಬರುವವಳು. ಯಾವ ಬಾಯಲ್ಲಿ ಹೇಳುವುದು?

ಆ ದಿನ ಬೆಳಿಗ್ಗೆ ಅತ್ತಿಗೆ ಮಿಷನ್ನಿನಿಂದ ತಲೆಯೆತ್ತದೆಯೇ ವಿಷಯ ತಿಳಿಸಿದಳು. ಕಾಯಿಲೆಯವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಮನೆಯವರ ಗಾಡಿ ಅಣ್ಣನನ್ನು ಕರೆದೊಯ್ಯಲು ಸಂಜೆ ಬರುತ್ತದಂತೆ. ಅತ್ತಿಗೆಯ ಅಮ್ಮನೇ ಎಲ್ಲ ಮಾತಾಡಿ ಗೊತ್ತುಮಾಡಿದ್ದಾರಂತೆ. ಸದ್ಯಕ್ಕೆ ಸ್ವಲ್ಪ ದಿನ ಅಂತ ಹೆಸರಿಗೆ. ಆದರೆ ಅಂಥ ಜಾಗದಿಂದ ವಾಪಸು ಬಂದವರನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಅಳಿಲು ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಅಣ್ಣನಿಗೆ ಎಲ್ಲ ತಿಳಿಯುತ್ತದೆ, ಹೇಳೋಕೆ ಬರಲ್ಲ ಅಷ್ಟೆ ಎಂದು ವಾದ ಹೂಡಿದಳು. ಅತ್ತಿಗೆ ಕತ್ತರಿ ಕೆಳಗಿಟ್ಟಳು.

“ತಿಳಿಯುತ್ತೆ ಅಂತ ನಂಗೂ ಅನ್ಸಿದ್ರೆ ನಾನ್ಯಾಕೆ ಕಳಿಸ್ತೀನಿ? ತೋರ್ಸು ನೋಡೋಣ. ಒಂದೇ ಒಂದು ಸಲ ನನ್ನ ಕಣ್ಣಿಗೆ ಕಾಣೋ ಹಾಗೆ ತೋರ್ಸು. ಗಾಡಿ ವಾಪಸ್ ಕಳಿಸ್ತೀನಿ.”

ತೋರಿಸಿಯೇ ತೀರುತ್ತೇನೆ ಎಂದಳು ಅಳಿಲು. ಅವಳ ತಲೆಗೆ ಹೊಳೆದದ್ದು ಕಣ್ಣಾಸ್ಪತ್ರೆಯ ಸ್ಟ್ಯಾಕು. ಐದು ಸ್ವಿಚ್ಚಿನ ಆ ಸ್ಟ್ಯಾಕನ್ನು ಅಣ್ಣನೇ ಕೂರಿಸಿದ್ದ. ಅದರ ನರನಾಡಿಯೆಲ್ಲ ಅವನಿಗೆ ಗೊತ್ತು. ಹಿಂದಿನ ದಿನ ಸಂಜೆ ಅಲ್ಲಿಂದ ಕರೆ ಬಂದಿತ್ತು, ಒಂದು ವಾರ್ಡಿನ ಕಂಪ್ಯೂಟರುಗಳೆಲ್ಲ ಕೈಕೊಟ್ಟಿವೆ ಎಂದು. ಇವಳು ಹೋದಾಗ ಸ್ವಿಚ್ಚಿನ ಕೋಣೆಗೆ ಬೀಗ, ಬೀಗದ ಕೈ ಇಟ್ಟುಕೊಂಡವನು ಮನೆಗೆ ಹೋಗಿದ್ದ. ಹೊರಗೆ ಕುಳಿತು ಲ್ಯಾಪ್‌ಟಾಪಿನಲ್ಲೇ ಕೇಳಿ ನೋಡಿದಾಗ ಸ್ಟ್ಯಾಕು ಹೇಳಿದ್ದು ಇಷ್ಟು: ಎರಡನೆಯ ನಂಬರು ಕಾಣೆಯಾಗಿದೆ. ಮನೆಗೆ ಬಂದು ಅದನ್ನು ಅಣ್ಣನಿಗೂ ಹೇಳಿದ್ದಳು, ಎಂದಿನಂತೆ ಆಯ್ತು ಎಂದಿದ್ದ.

ಈಗ ಅತ್ತಿಗೆಯ ಗುಂಡಿ ಡಬ್ಬಿಗಳು ಕಣ್ಣಿಗೆ ಬಿದ್ದವು. ಅಂಗಿ ಗುಂಡಿ ಹಾಕಿಡುವ ಚಪ್ಪಟೆ ತಗಡಿನ ಡಬ್ಬಿಗಳು, ಎಲ್ಲ ಒಂದೇ ಅಳತೆ. ಐದನ್ನು ತಂದು ಅಣ್ಣನ ಮುಂದಿನ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟಳು. ಇದು ಕಣ್ಣಾಸ್ಪತ್ರೆ ಸ್ಟ್ಯಾಕು ಅಂದ್ಕೋ ಅಣ್ಣ, ಎಂದಳು. ಅವನ ಕಣ್ಣು ಡಬ್ಬಿಗಳ ಮೇಲೆ ನೆಟ್ಟಿತು. ಮೊದಲು ಮೂರನೇದು ಯಾವುದು ಎಂದು ಕೇಳಿದಳು. ಎಡಗೈ ಮೆಲ್ಲಗೆ ಬಂದು ಸರಿಯಾಗಿ ನಡುವಿನ ಡಬ್ಬಿಯನ್ನು ಮುಟ್ಟಿತು. ಅಳಿಲು ಗೆದ್ದವಳ ಹಾಗೆ ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ಮಿಷನ್ನು ಬಿಟ್ಟು ಎದ್ದು ಹತ್ತಿರ ಬಂದಳು. ಅವಳ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ ನೋಡಲು ಸಂಕಟವಾಗುತ್ತಿತ್ತು.

ಒಂದನೇದು?

ಬೆರಳು ಹೋಗಿ ತೀರಾ ಕೆಳಗಿನ ಡಬ್ಬಿಯ ಮೇಲೆ ನಿಂತಿತು. ಐದನೇದು? ಬೆರಳು ಎಲ್ಲಕ್ಕಿಂತ ಮೇಲಿನದಕ್ಕೆ ಹೋಯಿತು. ಇದು ತಿರುಗುಮುರುಗಾಯಿತಲ್ಲ ಎಂದುಕೊಂಡಳು ಅಳಿಲು. ಹಿಂದಿನ ತಿಂಗಳು ಆ ಕೋಣೆಯ ಧೂಳು ಹೊಡೆದು, ಹಳೇ ಚೀಟಿಗಳು ಉದುರಿಹೋಗಿದ್ದರಿಂದ ಹೊಸ ಸ್ಟಿಕ್ಕರು ಅಂಟಿಸಿದವಳು ಅವಳೇ. ಮೇಲಿನಿಂದ ಒಂದು, ಎರಡು, ಮೂರು, ನಾಲ್ಕು, ಐದು. ಎಲ್ಲರೂ ಓದುವುದು ಬರೆಯುವುದು ಮೇಲಿನಿಂದ ತಾನೇ? ಸರಿಯಾಗಿ ನೋಡು ಅಣ್ಣ ಎಂದು ಮತ್ತೆ ಕೇಳಿದಳು. ಮತ್ತೆ ಅದೇ. ಅವಳು ತಲೆ ಅಡ್ಡಡ್ಡ ಆಡಿಸಿದ್ದನ್ನು ಕಂಡು ಅವನ ಮುಖ ಕೆಂಪಾಯಿತು. ‘ಆಯ್ತು! ಆಯ್ತು!’ ಎಂದು ಕೂಗಿದವನೇ, ಕೆಳಗಿನಿಂದ ಎರಡನೆಯ ಡಬ್ಬಿಗೆ ಕೈಹಾಕಿ ಸರ್ರನೆ ಎಳೆದುಬಿಟ್ಟ. ಮೇಲಿನ ಮೂರೂ ದಡಬಡ ಉರುಳಿದವು, ಮುಚ್ಚಳ ಕಳಚಿ ಗುಂಡಿಗಳೆಲ್ಲ ಮಂಚದ ಕೆಳಗೆ, ಬೀರುವಿನ ಕೆಳಗೆ, ಮನೆಯ ತುಂಬ. ಅವನು ಎಳೆದ ಡಬ್ಬಿಯನ್ನು ಎತ್ತಿ ತಂಗಿಯ ಕಡೆ ಚಾಚಿದ, ಹಿಡಿ ಎನ್ನುವ ಹಾಗೆ. ಅತ್ತಿಗೆಗೆ ಆ ಹೊತ್ತಿಗೆ ತಲೆಯಲ್ಲಿ ಏನಾಯಿತೋ. ಆ ಕೈಮೇಲೆ ಪಟ್ಟನೆ ಒಂದು ಏಟು ಹಾಕಿದಳು.

ಹೊಡೆದವಳೂ ಬೆಚ್ಚಿದಳು. ಆಮೇಲೆ ನೆಲದ ಮೇಲೆ ಕುಳಿತು ಗುಂಡಿ ಆಯುತ್ತಾ ಅತ್ತಳು. “ನೋಡಿದ್ಯಲ್ಲ. ಎಲ್ಲ ತಲೆಕೆಳಗು. ಇನ್ನು ನಂಗೆ ಏನೂ ಹೇಳ್ಬೇಡ” ಎಂದಳು. ತೋರಿಸುತ್ತೇನೆ ಎಂದು ಎದೆ ತಟ್ಟಿಕೊಂಡವಳು ತಾನೇ ಅಣ್ಣನನ್ನು ಗಾಡಿ ಹತ್ತಿಸಿದ ಹಾಗಾಯಿತಲ್ಲ ಎಂದು ಅಳಿಲು ತನ್ನನ್ನೇ ಬೈದುಕೊಂಡಳು. ಹೊಸ ಸ್ವಿಚ್ಚಿನ ಪೆಟ್ಟಿಗೆಯನ್ನು ಸ್ಕೂಟರಿಗೆ ಬಿಗಿದು ಹೊರಟಳು.

ಕಣ್ಣಾಸ್ಪತ್ರೆಯ ಸ್ವಿಚ್ಚಿನ ಕೋಣೆ ಅಂದರೆ ಕೋಣೆಯೇನಲ್ಲ, ಲಿಫ್ಟಿಗೂ ಹಾಸಿಗೆ ಬಟ್ಟೆಯ ಉಗ್ರಾಣಕ್ಕೂ ನಡುವಿನ ಒಂದು ಗೂಡು. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಎದುರಿಗೆ ಆಳೆತ್ತರದ ಕಬ್ಬಿಣದ ಚೌಕಟ್ಟು, ಅದರಲ್ಲಿ ಐದು ಸ್ವಿಚ್ಚು. ಅಳಿಲು ಬಾಗಿಲು ತೆಗೆದು ಸೀದಾ ಎರಡು ಎಂಬ ಸ್ಟಿಕ್ಕರಿನ ಸ್ವಿಚ್ಚಿಗೆ ಕೈ ಹಾಕಲು ಹೋದಳು. ಕೈ ಅಲ್ಲೇ ನಿಂತಿತು. ಎರಡರ ದೀಪಗಳೆಲ್ಲ ಹಸಿರಾಗಿ ಮಿಣಮಿಣ ಅನ್ನುತ್ತಿದ್ದವು, ಜೀವ ತುಂಬಿ ತುಳುಕುತ್ತಿತ್ತು. ಸತ್ತು ಬಿದ್ದಿದ್ದು ನಾಲ್ಕು.

ಲ್ಯಾಪ್‌ಟಾಪು ಜೋಡಿಸಿ ಸ್ಟ್ಯಾಕನ್ನು ಕೇಳಿದಳು. ನಾಲ್ಕು ಚೆನ್ನಾಗಿದ್ದಾನೆ, ಎರಡು ಕಾಣೆ ಎಂದಿತು. ಕಣ್ಣೆದುರಿಗೆ ಎರಡು ಉರಿಯುತ್ತಿದೆ, ನಾಲ್ಕು ತಣ್ಣಗಿದೆ. ಇದೊಳ್ಳೆ ಕಥೆಯಾಯಿತಲ್ಲ! ಒಂದು ಕ್ಷಣ ಅವಳಿಗೆ ತನ್ನ ತಲೆಯೇ ಸರಿ ಇಲ್ಲವೇನೋ ಅನ್ನಿಸಿತು. ಅಣ್ಣನ ಕಾಯಿಲೆ ಅಂಟುಜಾಡ್ಯವಾಗಿ ಈ ಪೆಟ್ಟಿಗೆಗಳಿಗೂ ಹತ್ತಿತೇ ಅನ್ನಿಸಿತು. ಆಮೇಲೆ ಒಂದು ಸಮಾಧಾನ ಹುಡುಕಿಕೊಂಡಳು: ಕರೆಂಟು ಹೋಗಿ ಬಂದಾಗ ಈ ಪೆಟ್ಟಿಗೆಗಳು ತಮ್ಮತಮ್ಮಲ್ಲೇ ನಂಬರು ಅದಲುಬದಲು ಮಾಡಿಕೊಂಡಿರಬೇಕು. ಹಾಗೆ ಆಗುವುದುಂಟು ಎಂದು ಅಣ್ಣ ಯಾವಾಗಲೋ ಹೇಳಿದ್ದ ನೆನಪು. ಸ್ಟ್ಯಾಕಿನ ಒಳಗುಟ್ಟು ಅವನು ಕೆಲಸಕ್ಕೆ ಬರುತ್ತಿದ್ದಷ್ಟು ದಿನ ಅವನ ಪಾಲಿನದು. ಇವಳು ತಲೆಗೆ ಹಾಕಿಕೊಂಡವಳೇ ಅಲ್ಲ.

ಸರಿ, ಸತ್ತಿದ್ದು ನಾಲ್ಕಾದರೆ ಹೊಸದಕ್ಕೂ ನಾಲ್ಕು ಎಂದೇ ಹೆಸರಿಡೋಣ ಎಂದು ಹೊಸ ಸ್ವಿಚ್ಚನ್ನು ಸ್ಟೂಲಿನ ಮೇಲಿಟ್ಟು ಕರೆಂಟು ಕೊಟ್ಟು, ಲ್ಯಾಪ್‌ಟಾಪಿನಿಂದ ಅದರೊಳಗೆ ನೀನು ನಾಲ್ಕು ಎಂದು ಬರೆದು, ಆರಿಸಿದಳು. ಸತ್ತದ್ದನ್ನು ಬಿಚ್ಚಿ ತೆಗೆದಳು. ಅದರ ಜಾಗದಲ್ಲಿ ಹೊಸದನ್ನು ಕೂರಿಸಿ, ಹಿಂದುಗಡೆಗೆ ಕೈ ತೂರಿಸಿ, ಮೇಲಿನದಕ್ಕೊಂದು ಕೆಳಗಿನದಕ್ಕೊಂದು ಎಂದು ದಪ್ಪ ಕೇಬಲ್ಲುಗಳನ್ನು ಚುಚ್ಚಿ ಸ್ಕ್ರೂ ಬಿಗಿದಳು. ವಾರ್ಡಿನ ವೈರುಗಳನ್ನು ಒಂದೊಂದಾಗಿ ಅವವುಗಳ ತೂತಿಗೇ ಸೇರಿಸಿದಳು. ಕರೆಂಟು ಕೊಟ್ಟು ಕಾದಳು. ಈ ಪೆಟ್ಟಿಗೆಗಳು ಏಳುವಷ್ಟರಲ್ಲಿ ಒಂದು ಸಣ್ಣ ನಿದ್ದೆ ತೆಗೆಯಬಹುದು. ಕೊನೆಗೆ ದೀಪ ಹಸಿರಾಯಿತು. ಐದೂ ಸೇರಿವೆ ಎಂದಿತು ಲ್ಯಾಪ್‌ಟಾಪಿನ ತೆರೆ. ಅಬ್ಬಾ ಎಂದುಕೊಂಡು ನೋಡುತ್ತಾಳೆ, ಹೊಸ ಸ್ವಿಚ್ಚಿನ ನಂಬರು ಎರಡು.

ನಾಲ್ಕು ಎಂದು ಬರೆದು ಕೂರಿಸಿದ್ದು ಎರಡಾಗಿ ಎದ್ದು ಕೂತಿದೆ!

ಮತ್ತೆ ಆರಿಸಿದಳು, ಮತ್ತೆ ಬಿಚ್ಚಿದಳು, ಮತ್ತೆ ನಾಲ್ಕು ಎಂದು ಬರೆದಳು. ಮತ್ತೆ ಅದು ಎರಡೇ ಆಯಿತು. ಮಾತು ಕೇಳದ ಮಗುವಿನ ಹಾಗೆ ಹಟ ಹಿಡಿದಿತ್ತು. ನಾಲ್ಕರ ಜಾಗ ಆಗಲೇ ಭರ್ತಿಯಾಗಿದೆ, ಹಾಗಾಗಿ ಖಾಲಿ ಇರುವ ನಂಬರನ್ನು ಕೊಟ್ಟಿದ್ದೇನೆ ಎಂದು ಸ್ಟ್ಯಾಕು ತನ್ನ ಪಾಡಿಗೆ ಹೇಳುತ್ತಿತ್ತು. ಅಲ್ಲ, ಭರ್ತಿ ಮಾಡಿದವನು ಯಾರು? ಅಳಿಲಿಗೆ ತಲೆ ಚಿಟ್ಟು ಹಿಡಿದುಹೋಯಿತು. ಆ ಕಳ್ಳ ನಾಲ್ಕನ್ನು ಹೊರಗೆಳೆದೇ ತೀರಬೇಕೆಂದು, ಹಿಂದುಮುಂದು ನೋಡದೆ, ನಾಲ್ಕನೆಯವನೇ ಒಮ್ಮೆ ಆರಿ ಏಳು ಎಂದು ಅಪ್ಪಣೆ ಕೊಟ್ಟಳು.

ಎರಡು ಎಂಬ ಸ್ಟಿಕ್ಕರಿನ ಸ್ವಿಚ್ಚು ದೀಪವೆಲ್ಲ ಆರಿ ಕಪ್ಪಾಯಿತು. ಅದರಲ್ಲಿದ್ದದ್ದು ಕೆಳ ಅಂತಸ್ತಿನ ಚೀಟಿ ಕೌಂಟರುಗಳ ವೈರು.

ಹೆಡ್ ಸಿಸ್ಟರು ಮೆಟ್ಟಿಲು ಹತ್ತಿ ಬರುವ ಸದ್ದು ಮೊದಲು ಕೇಳಿತು, ಮಾತು ಆಮೇಲೆ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಕೂತಿರುವ ಮುದುಕರೆಲ್ಲ ಕೌಂಟರಿನ ಮುಂದೆ ಸಾಲುಗಟ್ಟಿದ್ದಾರೆ, ಯಾರಿಗೂ ಏನೂ ಕಾಣಿಸುತ್ತಿಲ್ಲ, ಈಗ ಕಂಪ್ಯೂಟರಿಗೂ ಏನೂ ಕಾಣಿಸುತ್ತಿಲ್ಲ, ಒಂದು ವಾರ್ಡು ಸರಿಮಾಡಲು ಕರೆದರೆ ಇನ್ನೊಂದನ್ನು ಮುಳುಗಿಸಿದ್ದೀಯಲ್ಲ ತಾಯಿ ಎಂದು ಒಂದೇ ಉಸಿರಿನಲ್ಲಿ ಬೆಂಡೆತ್ತಿದರು. ಹಾಗೆ ಬೈದವರು, ಗೂಡಿನೊಳಗೆ ಬೆಪ್ಪುತಕ್ಕಡಿಯಂತೆ ಮಂಡಿಯೂರಿ ಕೂತಿದ್ದ ಇವಳ ಮುಖ ನೋಡಿ ಸ್ವಲ್ಪ ತಣ್ಣಗಾದರು. ಮೊದಲು ಬರುತ್ತಿದ್ದ ನಿಮ್ಮಣ್ಣ ಹೇಗಿದ್ದಾರೆ ಎಂದು ವಿಚಾರಿಸಿದರು. ಅಳಿಲು ಲ್ಯಾಪ್‌ಟಾಪಿನ ಕಡೆ ಮುಖ ತಿರುಗಿಸಿಕೊಂಡಳು. ಸಿಸ್ಟರು ಭುಜ ತಟ್ಟಿ, ಬೇಗ ಮುಗಿಸಮ್ಮ ಎಂದು ಇಳಿದುಹೋದರು.

ಆರಿದ ಸ್ವಿಚ್ಚು ಎದ್ದು ಕೌಂಟರುಗಳು ಚಾಲೂ ಆಗುವವರೆಗೆ ಅವಳು ಕೈಕಟ್ಟಿ ಕೂತಳು. ಇನ್ನು ಏನನ್ನೂ ಮುಟ್ಟಬಾರದು. ಯಾರು ಯಾರೆಂದು ಮೊದಲು ಗೊತ್ತಾಗಬೇಕು. ಅದಕ್ಕೊಂದು ಉಪಾಯ ಅಣ್ಣ ಹೇಳಿಕೊಟ್ಟದ್ದು ಆಗ ನೆನಪಾಯಿತು. ಪ್ರತಿ ಸ್ವಿಚ್ಚಿನ ಮೂಲೆಯಲ್ಲೂ ಒಂದು ನೀಲಿ ದೀಪವಿರುತ್ತದೆ. ಇಂಥ ನಂಬರಿನವನು ದೀಪ ತೋರಿಸು ಎಂದರೆ ಆ ಪೆಟ್ಟಿಗೆ ಮಾತ್ರ ನೀಲಿ ಮಿನುಗಿಸುತ್ತದೆ. ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ. ಇದರಿಂದ ಯಾರ ಕೆಲಸವೂ ಕೆಡುವುದಿಲ್ಲ.

ಒಂದು, ಎಂದು ಕೂಗಿದಳು. ಕತ್ತೆತ್ತಿ ಮೇಲಿನ ಸ್ವಿಚ್ಚನ್ನು ನೋಡಿದಳು. ದೀಪ ಬರಲಿಲ್ಲ. ಮತ್ತೊಮ್ಮೆ ಬರೆದಳು. ಬರಲಿಲ್ಲ. ಇದೂ ಕೆಟ್ಟಿದೆ ಎಂದು ತಲೆ ತಗ್ಗಿಸಿದಾಗ ಮಂಡಿಯ ಮೇಲೆ ನೀಲಿ ಬೆಳಕು ಬೀಳುತ್ತಿರುವುದು ಕಾಣಿಸಿತು. ಮಿನುಗುತ್ತಿದ್ದದ್ದು ತೀರಾ ಕೆಳಗಿನ ಸ್ವಿಚ್ಚು.

ಐದು, ಎಂದಳು. ಎಲ್ಲಕ್ಕಿಂತ ಮೇಲಿನದು ಮಿನುಗಿತು. ಮೂರು ಎಂದಾಗ ನಡುವಿನದು.

ಕಬ್ಬಿಣದ ಚೌಕಟ್ಟಿನ ಕಂಬದ ಮೇಲೆ ಸಣ್ಣಗೆ ಅಚ್ಚಾಗಿದ್ದ ಅಂಕಿಗಳು ಈಗ ಕಣ್ಣಿಗೆ ಬಿದ್ದವು. ಹಿಂದಿನ ತಿಂಗಳು ತಾನೇ ಬಟ್ಟೆ ತೊಗೊಂಡು ಒರೆಸಿದ ಅಂಕಿಗಳು. ನೆಲದ ಹತ್ತಿರ ಒಂದು ಎಂದು ಶುರುವಾಗಿ ಮೇಲಕ್ಕೆ ಏರುತ್ತಿದ್ದವು. ಅಣ್ಣ ಅದನ್ನೇ ಹಿಡಿದು ಕೆಳಗಿನಿಂದ ಕೂರಿಸುತ್ತಾ ಬಂದಿದ್ದ. ಭಾರ ಕೆಳಗಿರಬೇಕು ಎನ್ನುತ್ತಿದ್ದ. ಮೊದಲು ಕೂತದ್ದು ಒಂದು, ಅದರ ಮೇಲಿನದು ಎರಡು. ಇವಳು ಆಗ ಏಣಿಯ ಮೇಲೆ ಸೀಲಿಂಗಿನೊಳಗೆ ತಲೆ ತೂರಿಸಿಕೊಂಡಿದ್ದಳು, ನೋಡಿರಲೇ ಇಲ್ಲ. ಮೇಲಿನಿಂದ ಸ್ಟಿಕ್ಕರು ಅಂಟಿಸಿ ಎಲ್ಲವನ್ನೂ ತಲೆಕೆಳಗು ಮಾಡಿದವಳು ಅವಳು. ಸ್ಟ್ಯಾಕು ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು. ಅಣ್ಣನೂ.

ಬೆಳಗಿನ ಬೆರಳು ಕಣ್ಣಿಗೆ ಕಟ್ಟಿತು. ಒಂದನೇದು ಕೆಳಗಿನದು. ಐದನೇದು ಮೇಲಿನದು. ಹಾಗಾದರೆ ಅವನು ಎಳೆದು ತೆಗೆದ ಡಬ್ಬಿ? ಕೆಳಗಿನಿಂದ ಎರಡನೆಯದು. ಹಿಂದಿನ ಸಂಜೆ ಇವಳೇ ಹೇಳಿದ್ದಳಲ್ಲ, ಎರಡನೇದು ಕಾಣೆ ಎಂದು. ಕೆಟ್ಟಿರುವುದು ಇದು, ಇದನ್ನು ತೆಗಿ ಎಂದು ತೆಗೆದು ಕೈಗೇ ಕೊಡಲು ಬಂದಿದ್ದ. ತೆಗೆದುಕೊಳ್ಳುವ ಬದಲು ಹೊಡೆದರು. ಅಳಿಲು ಹಣೆ ಚಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದ ಉಗ್ರಾಣಕ್ಕೆ ದಿಂಬಿನ ಚೀಲ ತರಲು ಬಂದ ಆಯಾ ಗಾಬರಿಯಾಗಿ ನೀರು ತಂದುಕೊಟ್ಟಳು.

ವಾರ್ಡಿನ ಕಂಪ್ಯೂಟರುಗಳು ನಡೆಯುತ್ತಿವೆಯೇ ಎಂದು ಹೋಗಿ ನೋಡಿದಳು. ನಡೆಯುತ್ತಿದ್ದವು, ಹೊಸ ಸ್ವಿಚ್ಚು ಎರಡಾದ ಗಳಿಗೆಯಿಂದಲೇ ನಡೆಯುತ್ತಿದ್ದವಂತೆ, ಯಾರೂ ಹೇಳಿರಲಿಲ್ಲ. ತನ್ನ ಐದು ಸ್ಟಿಕ್ಕರುಗಳನ್ನು ಉಗುರಿನಿಂದ ಕೆರೆದು ಕಿತ್ತು, ಕೆಳಗಿನಿಂದ ಹೊಸದು ಅಂಟಿಸಿದಳು. ಮನೆಗೆ ಫೋನು ಮಾಡಿದರೆ ಅತ್ತಿಗೆ ಎತ್ತಲಿಲ್ಲ. ಸ್ಕೂಟರು ಹತ್ತಿದಳು.

ಬಾಗಿಲು ತೆರೆದೇ ಇತ್ತು. ಸದ್ಯ, ಗಾಡಿ ಬಂದಿರಲಿಲ್ಲ. ಅತ್ತಿಗೆ ಅಂಗಿಗಳಿಗೆ ಇಸ್ತ್ರಿ ಹಾಕಿ ಚೀಲದಲ್ಲಿ ಜೋಡಿಸುತ್ತಿದ್ದಳು. ಅಣ್ಣನಿಗೆ ಪ್ಯಾಂಟು ತೊಡಿಸಿ, ತಲೆ ಬಾಚಿ ಕೂರಿಸಿದ್ದಳು; ಅವನು ಕಿಟಕಿಯ ಕಡೆ ಮುಖ ಮಾಡಿದ್ದ. ಅಳಿಲು ಗುಂಡಿ ಡಬ್ಬಿಗಳನ್ನು ತಂದು ಮೇಜಿನ ಮೇಲೆ ಮತ್ತೆ ಪೇರಿಸಿದಳು. ಮತ್ಯಾಕೆ ಶುರುಮಾಡ್ತೀಯ, ಬಿಟ್ಬಿಡು ಎಂದಳು ಅತ್ತಿಗೆ. ಅಳಿಲು ಬಿಡಲಿಲ್ಲ. ನೀಲಿ ದೀಪದ್ದು, ಕಂಬದ ಅಂಕಿಗಳದ್ದು, ತನ್ನ ಸ್ಟಿಕ್ಕರಿನದ್ದು ಎಲ್ಲ ಒದರಿದಳು. ಅತ್ತಿಗೆಗೆ ಮೊದಲು ತಲೆಬುಡ ತಿಳಿಯಲಿಲ್ಲ. ಸ್ವಿಚ್ಚು, ಸ್ಟ್ಯಾಕು ಅವಳಿಗೆ ಏನು ಗೊತ್ತು ಪಾಪ.

“ಅತ್ತಿಗೆ, ತಪ್ಪು ಲೆಕ್ಕ ನಂದು. ಅಣ್ಣಂದಲ್ಲ. ಕೆಟ್ಟಿರೋದು ಇದೇ ಅಂತ ಬೆಳಿಗ್ಗೇನೇ ತೆಗೆದು ನನ್ನ ಕೈಗೆ ಕೊಟ್ಟ. ಆಸ್ಪತ್ರೇಲಿ ಕೆಟ್ಟಿದ್ದೂ ಅದೇ.”

ಅತ್ತಿಗೆಯ ಕೈಯಲ್ಲಿದ್ದ ಅಂಗಿ ಅಲ್ಲೇ ಉಳಿಯಿತು. ಡಬ್ಬಿಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಅವನು ಕಿಟಕಿಯಿಂದ ಮುಖ ತಿರುಗಿಸಿ ಇವರ ಮಾತನ್ನೇ ಕೇಳುತ್ತಿದ್ದ. ಎಡಗೈ ಮೆಲ್ಲಗೆ ಮುಂದೆ ಬಂದು, ಕೆಳಗಿನಿಂದ ಎರಡನೆಯ ಡಬ್ಬಿಯ ಮೇಲೆ ಎರಡು ಸಲ ತಟ್ಟಿತು. ಈ ಸಲ ಎಳೆಯಲಿಲ್ಲ.

“ಆ ಕೈಮೇಲೆ ಹೊಡೆದ್ನಲ್ಲೇ” ಎಂದಳು ಅತ್ತಿಗೆ. ಯಾರಿಗೆ ಹೇಳಿದಳೋ. ಹೋಗಿ ಅವನ ಕಾಲಬುಡದಲ್ಲಿ ಕೂತು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಷ್ಟು ದಿನ ಇವನೆದುರಿಗೇ ಅಮ್ಮನ ಜೊತೆ ಫೋನಿನಲ್ಲಿ ಏನೇನು ಆಡಿದ್ದೆ, ಇವನ ಕಿವಿಗೆ ಏನೇನು ಬಿದ್ದಿದೆ ಎಂಬುದೆಲ್ಲ ಆಗ ಒಟ್ಟಿಗೆ ನೆನಪಾಗಿರಬೇಕು, ಮುಖ ಸುಣ್ಣವಾಯಿತು. ಅಳಿಲು ಹೊರಗೆ ಹೋಗಲೇ ಇರಲೇ ಎಂದು ತಿಳಿಯದೆ ಬಾಗಿಲ ಬಳಿ ನಿಂತಳು.

ಹೊರಗೆ ಗಾಡಿ ನಿಂತ ಸದ್ದಾಯಿತು. ಅದರ ಬಾಗಿಲು ತೆರೆದು ಮುಚ್ಚಿದ ಸದ್ದೂ ಕೇಳಿತು.

“ರೀ” ಎಂದಳು ಅತ್ತಿಗೆ. ಆ ಮಾತು ಕೇಳಿ ಎಷ್ಟು ದಿನವಾಗಿತ್ತು. “ಅವ್ರು ಬಂದಿದ್ದಾರೆ. ಹೋಗ್ತೀರಾ? ಇಲ್ಲ, ಕಳಿಸ್ಬಿಡ್ಲಾ? ನೀವು ಹೇಳಿದ ಹಾಗೆ ಮಾಡ್ತೀನಿ.”

“ಆಯ್ತು” ಎಂದ ಅಣ್ಣ.

ಹೂಂ ಎಂದನೋ ಉಹೂಂ ಎಂದನೋ, ಅದರಿಂದ ಏನು ತಿಳಿಯುತ್ತದೆ? ಅವನಿಗೂ ಅದು ಗೊತ್ತಿದ್ದಿರಬೇಕು. ಅವಳ ಹಿಡಿತದಿಂದ ಕೈ ಬಿಡಿಸಿಕೊಂಡು, ಪಕ್ಕದಲ್ಲಿದ್ದ ಚೀಲವನ್ನು ಹತ್ತಿರ ಎಳೆದುಕೊಂಡ. ಮೇಲಿದ್ದ ಇಸ್ತ್ರಿ ಅಂಗಿಯನ್ನು ತೆಗೆದು, ಬೆಳಿಗ್ಗೆ ಡಬ್ಬಿ ಚಾಚಿದ ಹಾಗೇ, ಹೆಂಡತಿಯ ಮುಂದೆ ಹಿಡಿದ. ಈ ಸಲ ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳು. ಅವನು ಇನ್ನೊಂದು ಅಂಗಿಗೆ ಕೈ ಹಾಕಿದ. ಅಳಿಲು ಗಾಡಿಯವರಿಗೆ ಹೇಳಿ ವಾಪಸು ಕಳಿಸಲು ಹೊರಗೆ ಹೋದಳು.